‘ಇದು ಯಾರ ಕಂಪನಿ?’: ಟ್ರಾಯ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ

ಹಾಗೂ
ಮಾನ್ಯ ಕಾರ್ಯದರ್ಶಿಗಳು,
ದೂರಸಂಪರ್ಕ ಇಲಾಖೆ, ಭಾರತ ಸರ್ಕಾರ, ನವದೆಹಲಿ

ವಿಷಯ: ಮೊಬೈಲ್ ಕಂಪನಿಗಳ ನಿಜವಾದ ಒಡೆತನವನ್ನು ಗ್ರಾಹಕರಿಗೆ ಅವರ ಭಾಷೆಯಲ್ಲಿ ತಿಳಿಸುವ ಬಗ್ಗೆ.

ಮಾನ್ಯರೇ,

ತುಮಕೂರಿನ ಬಸ್ ನಿಲ್ದಾಣದ ಹತ್ತಿರ ನನಗೊಂದು ರೀಚಾರ್ಜ್ ಅಂಗಡಿ ಇದೆ. 2006ರಿಂದ ನಡೆಸುತ್ತಿದ್ದೇನೆ. ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಈ ಜಾಗದಲ್ಲಿ ಕುಳಿತು ಎಷ್ಟೋ ಮೊಬೈಲ್ ಕಂಪನಿಗಳು ಬಂದದ್ದನ್ನೂ ಹೋದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಶಟರ್ ಮೇಲೆ ಒಂದು ಕಂಪನಿಯವರು ಬಳಿದ ಬಣ್ಣ ಮಾಸುವ ಮೊದಲೇ ಇನ್ನೊಬ್ಬರು ಬಂದು ಅದರ ಮೇಲೆ ತಮ್ಮ ಬಣ್ಣ ಬಳಿದು ಹೋಗಿದ್ದಾರೆ.

ಹೊಸ ಸಿಮ್ ಮಾರುಕಟ್ಟೆಗೆ ಬಂದಾಗಲೆಲ್ಲ ಹಳ್ಳಿಯಿಂದ ಬರುವ ಹಿರಿಯರು ದರ ಕೇಳುವುದಕ್ಕೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇದು ಯಾರ ಕಂಪನಿ?’ ಹಸು ಕೊಳ್ಳುವಾಗ, ಚೀಟಿ ಹಾಕುವಾಗ, ಹೆಣ್ಣು ಕೊಡುವಾಗ ನಮ್ಮ ಕಡೆ ಜನ ಮೊದಲು ವಿಚಾರಿಸುವುದು ‘ಯಾರ ಕಡೆಯವರು’ ಎಂದು. ಮೊಬೈಲ್ ವಿಷಯದಲ್ಲೂ ಅವರು ಅದನ್ನೇ ಕೇಳಿದರು. ಹತ್ತೊಂಬತ್ತು ವರ್ಷಗಳಲ್ಲಿ ಆ ಪ್ರಶ್ನೆಗೆ ಒಮ್ಮೆಯೂ ನಾನು ಪೂರ್ತಿ ಉತ್ತರ ಕೊಡಲಾಗಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

2009ರ ನಂತರ ನಮ್ಮ ಅಂಗಡಿಗೆ ಕೆಂಪು ಚೌಕದೊಳಗೆ ಬಿಳಿ ಮೊಟ್ಟೆಯ ಚಿತ್ರವಿದ್ದ ಪೆಟ್ಟಿಗೆಗಳು ಬರತೊಡಗಿದವು. ಎಂಟಿಎಸ್. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅದರ ಡೇಟಾ ಕಾರ್ಡ್ ಕೊಳ್ಳಲು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬರುತ್ತಿದ್ದರು. ಯಾರ ಕಂಪನಿ ಎಂದು ನಾನು ಡಿಸ್ಟ್ರಿಬ್ಯೂಟರನ್ನು ಕೇಳಿದೆ. ‘ರಷ್ಯಾದ್ದು’ ಎಂದರು. ನಾನೂ ಅದನ್ನೇ ಎಲ್ಲರಿಗೂ ಹೇಳಿದೆ. ರಷ್ಯಾ ಎಂದ ಕೂಡಲೇ ವಯಸ್ಸಾದವರ ಮುಖದಲ್ಲಿ ಒಂದು ಬಗೆಯ ನಂಬಿಕೆ ಮೂಡುತ್ತಿತ್ತು. ಸೋವಿಯತ್ ನೆರವಿನಿಂದ ಕಟ್ಟಿದ ಭಿಲಾಯಿ ಉಕ್ಕಿನ ಕಾರ್ಖಾನೆಯ ಕಾಲದಿಂದ ಬಂದ ನಂಬಿಕೆ ಅದು. ಆದರೆ ‘ರಷ್ಯಾದ್ದು’ ಎಂಬುದು ಅರ್ಧ ಉತ್ತರವೂ ಅಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಾನು ಬಿ.ಕಾಂ. ಓದಿದವನು, ಕಂಪನಿಗಳ ವಾರ್ಷಿಕ ವರದಿ ಓದಿದರೆ ಅರ್ಥವಾಗುತ್ತದೆ. ಓದಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇನೆ. ಇದು ತಮಗೆ ಗೊತ್ತಿರದ ವಿಷಯವಲ್ಲ. ಆದರೆ ಕೌಂಟರಿನ ಈಚೆ ನಿಂತವರಿಗೆ ಇದರಲ್ಲಿ ಒಂದು ಸಾಲೂ ಗೊತ್ತಿರಲಿಲ್ಲ.

ಮೊಬೈಲ್ ಟೆಲಿಸಿಸ್ಟಮ್ಸ್, ಅಂದರೆ ಎಂಟಿಎಸ್, ಹುಟ್ಟಿದ್ದು 1993ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ. ಸೋವಿಯತ್ ಒಕ್ಕೂಟ ಒಡೆದು ಎರಡು ವರ್ಷವೂ ತುಂಬಿರಲಿಲ್ಲ. ಮಾಸ್ಕೋ ನಗರದ ಸ್ಥಿರ ದೂರವಾಣಿ ಜಾಲವಾದ ಎಂಜಿಟಿಎಸ್ ಸೇರಿದಂತೆ ನಾಲ್ಕು ರಷ್ಯನ್ ಕಂಪನಿಗಳ ಕೈಯಲ್ಲಿ ಶೇಕಡ 53ರಷ್ಟು ಪಾಲು. ಡಾಯ್ಚ ಟೆಲಿಕಾಂ ಮತ್ತು ಸೀಮೆನ್ಸ್ ಎಂಬ ಎರಡು ಜರ್ಮನ್ ಕಂಪನಿಗಳ ಕೈಯಲ್ಲಿ ಉಳಿದ 47. ಹಾಗಾದರೆ ಅದನ್ನು ಆಗ ರಷ್ಯಾದ ಕಂಪನಿ ಎನ್ನಬೇಕಿತ್ತೋ, ಅರ್ಧ ಜರ್ಮನಿಯದು ಎನ್ನಬೇಕಿತ್ತೋ? ಮೂರೇ ವರ್ಷಗಳಲ್ಲಿ ಈ ಲೆಕ್ಕವೂ ಬದಲಾಯಿತು. 1996ರ ಕೊನೆಗೆ ರಷ್ಯನ್ನರ ಪಾಲು ವ್ಲಾದಿಮಿರ್ ಯೆವ್ತುಶೆಂಕೋವ್ ಕಟ್ಟಿದ ಸಿಸ್ಟೆಮಾ ಎಂಬ ಹೂಡಿಕೆ ಸಂಸ್ಥೆಯ ಕೈಸೇರಿತು. ಸೀಮೆನ್ಸ್‌ನ ಪಾಲನ್ನು ಡಾಯ್ಚ ಟೆಲಿಕಾಂ ಕೊಂಡಿತು. 2005ರ ಹೊತ್ತಿಗೆ ಡಾಯ್ಚ ಟೆಲಿಕಾಂ ಕೂಡ ಹಂತಹಂತವಾಗಿ ಮಾರಿ ಹೊರಗೆ ಹೋಯಿತು. ಕೊನೆಗೆ ಕಂಪನಿಯನ್ನು ಹುಟ್ಟುಹಾಕಿದ್ದ ಎಂಜಿಟಿಎಸ್ಸೇ 2011ರ ಹೊತ್ತಿಗೆ ಎಂಟಿಎಸ್‌ನ ಅಂಗಸಂಸ್ಥೆಯಾಗಿ ತಾಯಿ ಮಗಳ ಮನೆ ಸೇರಿದಂತಾಯಿತು.

ಬೆಳವಣಿಗೆಯ ವೇಗವೂ ಅಂಥದ್ದೇ. 2000ನೇ ಇಸವಿಯ ಜೂನ್ 30ರಂದು ಎಂಟಿಎಸ್‌ನ ಷೇರುಗಳು ನ್ಯೂಯಾರ್ಕ್ ಷೇರುಪೇಟೆಯನ್ನು ಸೇರಿದವು. 2002ರಲ್ಲಿ ಬೆಲಾರುಸ್, 2003ರಲ್ಲಿ ಉಕ್ರೇನ್, 2004ರಲ್ಲಿ ಉಜ್ಬೇಕಿಸ್ತಾನ್, 2005ರಲ್ಲಿ ತುರ್ಕ್‌ಮೆನಿಸ್ತಾನ್, 2007ರಲ್ಲಿ ಅರ್ಮೇನಿಯಾ. ಸೋವಿಯತ್ ಒಕ್ಕೂಟ ಒಡೆದು ಬೇರೆಯಾದ ದೇಶಗಳನ್ನು ಒಂದೊಂದಾಗಿ ಅದೇ ಕೆಂಪು ಚೌಕದ ಕೆಳಗೆ ತಂದ ಹಾಗಿತ್ತು. ಇಂದು ರಷ್ಯಾ ಒಂದರಲ್ಲೇ ಅದಕ್ಕೆ ಸುಮಾರು 8 ಕೋಟಿ ಚಂದಾದಾರರಿದ್ದಾರೆ. ಶ್ರಮಪಟ್ಟು ಬೆಳೆದ ದೊಡ್ಡ ಕಂಪನಿ ಅದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಈ ಬೆಳವಣಿಗೆಯ ಒಳಗೆ ಏನಿತ್ತು ಎಂಬುದಕ್ಕೆ ಉಜ್ಬೇಕಿಸ್ತಾನದ ಕಥೆಯನ್ನು ತಾವು ಗಮನಿಸಬೇಕು. ಅಲ್ಲಿನ ಉಜ್‌ದುನ್‌ರೋಬಿಟಾ ಎಂಬ ಕಂಪನಿಯ ಶೇಕಡ 74 ಪಾಲನ್ನು ಎಂಟಿಎಸ್ 2004ರಲ್ಲಿ 12.1 ಕೋಟಿ ಡಾಲರಿಗೆ ಕೊಂಡಿತು. ಉಳಿದ ಶೇಕಡ 26ಕ್ಕೆ 2007ರಲ್ಲಿ ಕೊಟ್ಟದ್ದು 25 ಕೋಟಿ ಡಾಲರ್. ಕಾಲು ಭಾಗಕ್ಕೆ ಮುಕ್ಕಾಲು ಭಾಗದ ಎರಡರಷ್ಟು ಬೆಲೆ! ಆ ಕಾಲು ಭಾಗದ ಹಿಂದೆ ಗುಟ್ಟಾಗಿ ಇದ್ದವರು ಆಗಿನ ಅಧ್ಯಕ್ಷ ಇಸ್ಲಾಂ ಕರಿಮೊವ್ ಅವರ ಮಗಳು ಗುಲ್ನಾರಾ ಕರಿಮೊವಾ ಎಂಬುದು ಅಮೆರಿಕದ ನ್ಯಾಯ ಇಲಾಖೆಯ ತನಿಖೆಯಿಂದ ಹೊರಬಂತು. ಹಲವು ವರ್ಷಗಳಲ್ಲಿ ಒಟ್ಟು 42 ಕೋಟಿ ಡಾಲರ್ ಲಂಚ ಹೋಗಿತ್ತು. 2019ರ ಮಾರ್ಚ್‌ನಲ್ಲಿ ಎಂಟಿಎಸ್ 85 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅದೇ ಉಜ್ಬೇಕಿಸ್ತಾನದ ವ್ಯವಹಾರಕ್ಕೆ ರಷ್ಯಾದ ಇನ್ನೊಂದು ದೊಡ್ಡ ಕಂಪನಿ ವಿಂಪೆಲ್‌ಕಾಂ 2016ರಲ್ಲಿ 79.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತ್ತು.

ದಂಡದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದಕ್ಕೂ ಏಳು ವರ್ಷ ಮೊದಲು, 2012ರ ಜುಲೈನಲ್ಲಿ, ಉಜ್ಬೇಕಿಸ್ತಾನ ಸರ್ಕಾರ ಎಂಟಿಎಸ್‌ನ ಜಾಲವನ್ನು ನಿಲ್ಲಿಸಿದಾಗ ಸುಮಾರು 95 ಲಕ್ಷ ಜನರ ಫೋನುಗಳು ಒಮ್ಮೆಗೇ ಸುಮ್ಮನಾಗಿದ್ದವು. ತುರ್ಕ್‌ಮೆನಿಸ್ತಾನದಲ್ಲಿ 2010ರ ಡಿಸೆಂಬರ್‌ನಲ್ಲಿ ಹೀಗೆಯೇ 20 ಲಕ್ಷಕ್ಕೂ ಹೆಚ್ಚು ಜನರಿಗಾಯಿತು. 2012ರಲ್ಲಿ ಅಲ್ಲಿ ಸೇವೆ ಮರಳಿ ಬಂತು, 2017ರಲ್ಲಿ ಮತ್ತೆ ನಿಂತಿತು. ಆ ಜನರಲ್ಲಿ ಒಬ್ಬರಾದರೂ ಸಿಮ್ ಕೊಳ್ಳುವಾಗ ‘ಇದು ಯಾರ ಕಂಪನಿ’ ಎಂದು ಕೇಳಿರುವುದಿಲ್ಲವೇ? ನನ್ನಂಥ ಯಾವನೋ ಅಂಗಡಿಯವನು ಅವರಿಗೆ ‘ಮಾಸ್ಕೋದ್ದು’ ಎಂದು ಹೇಳಿರುತ್ತಾನೆ. ಅದಕ್ಕಿಂತ ಹೆಚ್ಚು ಅವನಿಗೂ ತಿಳಿದಿರುವುದಿಲ್ಲ.

ಒಡೆತನ ಮರೆಯಲ್ಲಿರುವುದು ಎಂಟಿಎಸ್ ಒಂದರ ಕಥೆಯಲ್ಲ. ಆಗ ರಷ್ಯಾದ ಮೂರನೆಯ ದೊಡ್ಡ ಕಂಪನಿಯಾಗಿದ್ದ ಮೆಗಾಫೋನ್‌ನ ಕಾಲು ಭಾಗದ ಷೇರುಗಳಿಗಾಗಿ ಬರ್ಮುಡಾದಲ್ಲಿ ನೋಂದಣಿಯಾದ ಒಂದು ನಿಧಿಯೂ ರಷ್ಯಾದ ಆಲ್ಫಾ ಎಂಬ ಉದ್ಯಮ ಗುಂಪೂ ವರ್ಷಗಟ್ಟಲೆ ಬಡಿದಾಡಿದವು. ಆ ನಿಧಿಯ ನಿಜವಾದ ಒಡೆಯರು ಆಗಿನ ಸಂಪರ್ಕ ಸಚಿವ ಲಿಯೊನಿಡ್ ರೇಮನ್ ಅವರೇ ಎಂದು 2006ರಲ್ಲಿ ಜ್ಯೂರಿಕ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿ ತೀರ್ಮಾನಿಸಿತು. ಅವರು ಅದನ್ನು ನಿರಾಕರಿಸಿದರು. ಯಾರು ಸರಿ ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ಪರವಾನಗಿ ಕೊಡುವ ಇಲಾಖೆಯ ಸಚಿವರೇ ಪರವಾನಗಿ ಪಡೆದ ಕಂಪನಿಯ ಪಾಲುದಾರರೇ ಎಂಬ ಪ್ರಶ್ನೆ ಏಳುವಷ್ಟರ ಮಟ್ಟಿಗೆ ಕಾಗದಪತ್ರಗಳು ಮಸುಕಾಗಿದ್ದವಲ್ಲ, ನನ್ನ ಆತಂಕ ಅದು. ಇನ್ನು ವಿಂಪೆಲ್‌ಕಾಂ. 1992ರಲ್ಲಿ ವಿಜ್ಞಾನಿ ದ್ಮಿತ್ರಿ ಜಿಮಿನ್ ಆಗೀ ಫಾಬೆಲಾ ಎಂಬ ಅಮೆರಿಕದ ಯುವಕನ ಜೊತೆ ಸೇರಿ ಕಟ್ಟಿದ, 1996ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಸೇರಿದ ಕಂಪನಿ ಅದು. ಮುಂದೆ ನಾರ್ವೆಯ ದೂರಸಂಪರ್ಕ ಕಂಪನಿ ಟೆಲೆನಾರ್ ಮತ್ತು ಆಲ್ಫಾ ಗುಂಪಿನ ಜಗಳದ ಅಂಗಳವಾಯಿತು. ಲೆಕ್ಕಕ್ಕೇ ಸಿಗದಷ್ಟು ಸಣ್ಣ ಪಾಲಿದ್ದ ಷೇರುದಾರನೊಬ್ಬ ಸೈಬೀರಿಯಾದಲ್ಲಿ ದಾವೆ ಹೂಡಿ, 2009ರಲ್ಲಿ ಓಮ್ಸ್ಕ್ ನಗರದ ಮೇಲ್ಮನವಿ ನ್ಯಾಯಾಲಯದಿಂದ ಟೆಲೆನಾರ್ ವಿರುದ್ಧ ಸುಮಾರು 170 ಕೋಟಿ ಡಾಲರಿನ ಆದೇಶ ಪಡೆದ. ಆ ಸಣ್ಣ ಷೇರುದಾರನ ಹಿಂದೆ ಯಾರಿದ್ದಾರೆ ಎಂಬುದೇ ಆ ದಾವೆಯ ಉದ್ದಕ್ಕೂ ಕೇಳಿಬಂದ ಪ್ರಶ್ನೆ.

ಈಗ ನಮ್ಮ ಮನೆಯ ಅಂಗಳಕ್ಕೆ ಬರುತ್ತೇನೆ.

ನಾನು ‘ರಷ್ಯಾದ್ದು’ ಎಂದು ಹೇಳಿ ಮಾರಿದ ಎಂಟಿಎಸ್ ಡೇಟಾ ಕಾರ್ಡನ್ನು ಭಾರತದಲ್ಲಿ ನಡೆಸುತ್ತಿದ್ದದ್ದು ಸಿಸ್ಟೆಮಾ ಶ್ಯಾಮ್ ಟೆಲಿಸರ್ವಿಸಸ್. ರಾಜಸ್ಥಾನದಲ್ಲಿ ದೂರವಾಣಿ ಸೇವೆ ಕೊಡುತ್ತಿದ್ದ ಶ್ಯಾಮ್ ಗುಂಪಿನ ಕಂಪನಿಯಲ್ಲಿ ಸಿಸ್ಟೆಮಾ ಬಹುಪಾಲು ಷೇರು ಕೊಂಡಾಗ ಅದು ಹುಟ್ಟಿತು. ಹೆಸರು ಮತ್ತು ಮೊಟ್ಟೆಯ ಚಿತ್ರ ಮಾತ್ರ ಎಂಟಿಎಸ್‌ನದು. ಒಡೆತನ ನೇರವಾಗಿ ಸಿಸ್ಟೆಮಾದ್ದು. ಅಂಗಡಿಯ ಬೋರ್ಡಿನ ಮೇಲೆ ಕಂಡ ಹೆಸರು ಒಡೆಯನ ಹೆಸರೇ ಅಲ್ಲ! ಇದಿಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. 2011ರಲ್ಲಿ ಈ ಭಾರತೀಯ ಕಂಪನಿಯ ಶೇಕಡ 17.14 ಪಾಲನ್ನು ರಷ್ಯಾ ಸರ್ಕಾರವೇ ಕೊಂಡಿತು. ಸುಮಾರು 60 ಕೋಟಿ ಡಾಲರ್. ಆ ಹಣ ಬಂದದ್ದು ಸೋವಿಯತ್ ಕಾಲದಲ್ಲಿ ಭಾರತ ಮಾಡಿದ ಸಾಲದ ಮರುಪಾವತಿಯಿಂದ. ನಾವು, ನಮ್ಮ ತಂದೆತಾಯಿಯರು ಕಟ್ಟಿದ ತೆರಿಗೆಯಿಂದ ತೀರುತ್ತಿದ್ದ ಸಾಲ ಅದು. ಅಂದರೆ ಬೆಂಗಳೂರಿನ, ತುಮಕೂರಿನ ಹುಡುಗರು ಇಂಟರ್ನೆಟ್ ಪಡೆಯುತ್ತಿದ್ದ ಕಂಪನಿಯಲ್ಲಿ ಒಂದು ವಿದೇಶಿ ಸರ್ಕಾರ ಪಾಲುದಾರನಾಗಿತ್ತು, ಅದೂ ನಮ್ಮದೇ ಸಾಲದ ಹಣದಲ್ಲಿ. ತಪ್ಪೇನೂ ಇರಲಿಲ್ಲ, ಎಲ್ಲವೂ ನಮ್ಮ ಸರ್ಕಾರದ ಒಪ್ಪಿಗೆಯಿಂದಲೇ ನಡೆದದ್ದು. ಆದರೆ ಕರ್ನಾಟಕದ ಚಂದಾದಾರರಲ್ಲಿ ಇದು ಎಷ್ಟು ಜನರಿಗೆ ಗೊತ್ತಿತ್ತು? ಸಿಮ್ ಕೊಳ್ಳುವಾಗ ಅವರು ತುಂಬಿದ ಅರ್ಜಿಯಲ್ಲಿ ಅವರ ತಂದೆಯ ಹೆಸರಿಗೂ ಮನೆಯ ವಿಳಾಸಕ್ಕೂ ಜಾಗವಿತ್ತು. ಕಂಪನಿಯ ಒಡೆಯರ ಹೆಸರಿಗೆ ಒಂದು ಸಾಲಿನ ಜಾಗವೂ ಇರಲಿಲ್ಲ.

2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 2ಜಿ ಸೇವೆಯ 122 ಪರವಾನಗಿಗಳನ್ನು ರದ್ದುಮಾಡಿತು. ಅವುಗಳಲ್ಲಿ ಈ ಕಂಪನಿಯ 21 ಪರವಾನಗಿಗಳಿದ್ದವು, ಕರ್ನಾಟಕದ್ದೂ ಸೇರಿ. ಹಂಚಿಕೆಯ ಕ್ರಮವೇ ತಪ್ಪು ಎಂದು ನ್ಯಾಯಾಲಯ ಹೇಳಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಸಿಸ್ಟೆಮಾ ಭಾರತ–ರಷ್ಯಾ ಹೂಡಿಕೆ ಒಪ್ಪಂದದ ಅಡಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗುವುದಾಗಿ ನೋಟಿಸ್ ಕೊಟ್ಟಿತು. ರಷ್ಯಾ ಸರ್ಕಾರ ಈ ವಿಷಯವನ್ನು ಎರಡು ದೇಶಗಳ ಮಾತುಕತೆಯಲ್ಲಿ ಎತ್ತಿತು. ದೆಹಲಿಯಲ್ಲಿ, ಮಾಸ್ಕೋದಲ್ಲಿ ಮಾತಾಡುವವರಿದ್ದರು. ನನ್ನ ಅಂಗಡಿಗೆ ಬಂದು ‘ಅಣ್ಣ, ಡೇಟಾ ಕಾರ್ಡ್ ನಡೆಯುತ್ತದೋ ಇಲ್ಲವೋ?’ ಎಂದು ಕೇಳಿದ ಹುಡುಗನಿಗೆ ಉತ್ತರ ಹೇಳಲು ಎಲ್ಲಿ ವಿಚಾರಿಸಬೇಕು ಎಂಬುದೂ ನನಗೆ ತಿಳಿಯಲಿಲ್ಲ. 2013ರ ಮಾರ್ಚ್‌ನ ಹರಾಜಿನಲ್ಲಿ ಆ ಕಂಪನಿ ಕರ್ನಾಟಕ ಸೇರಿ ಎಂಟು ವಲಯಗಳ ತರಂಗಾಂತರವನ್ನು 3,639 ಕೋಟಿ ರೂಪಾಯಿಗೆ ಮರಳಿ ಪಡೆಯಿತು, ನಮ್ಮ ಭಾಗದವರು ಬಚಾವಾದರು. ಪರವಾನಗಿ ರದ್ದಾಗದ ರಾಜಸ್ಥಾನವನ್ನು ಬಿಟ್ಟು ಉಳಿದ ವಲಯಗಳಲ್ಲಿ ಬಾಗಿಲು ಮುಚ್ಚಿತು.

2014ರ ಸೆಪ್ಟೆಂಬರ್‌ನಲ್ಲಿ ಸಿಸ್ಟೆಮಾದ ಒಡೆಯ ಯೆವ್ತುಶೆಂಕೋವ್ ಅವರನ್ನೇ ಮಾಸ್ಕೋದಲ್ಲಿ ಗೃಹಬಂಧನದಲ್ಲಿಟ್ಟರು. ಕಾರಣ ದೂರವಾಣಿಯಲ್ಲ, ಬಾಷ್‌ನೆಫ್ಟ್ ಎಂಬ ತೈಲ ಕಂಪನಿ. ಆ ಕಂಪನಿ ಸರ್ಕಾರದ ಪಾಲಾಯಿತು, ಅವರು ಡಿಸೆಂಬರ್‌ನಲ್ಲಿ ಹೊರಬಂದರು, ಮುಂದೆ ಆರೋಪಗಳೂ ಬಿದ್ದುಹೋದವು. ತೈಲದ ಜಗಳಕ್ಕೂ ತುಮಕೂರಿನ ಡೇಟಾ ಕಾರ್ಡಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇರುವುದು ಒಡೆತನದಲ್ಲಿ. ಎಲ್ಲಿಯದೋ ತೈಲಬಾವಿಯ ವ್ಯಾಜ್ಯ ಒಬ್ಬ ಒಡೆಯನ ಕೈಕಟ್ಟಿದರೆ, ಅದೇ ಕೈ ನಡೆಸುವ ಇನ್ನೊಂದು ದೇಶದ ಫೋನ್ ಕಂಪನಿಯ ಭವಿಷ್ಯವೂ ಅಲ್ಲೇ ಕಟ್ಟಿಬಿದ್ದಂತೆ.

ನಂತರದ್ದು ಎಲ್ಲರಿಗೂ ಗೊತ್ತಿರುವ ಕಥೆ. 2015ರ ನವೆಂಬರ್‌ನಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ವಿಲೀನದ ಒಪ್ಪಂದವಾಯಿತು. ವಿಲೀನ ಪೂರ್ತಿಯಾದದ್ದು 2017ರ ಅಕ್ಟೋಬರ್ 31ರಂದು. ಒಂದು ತಿಂಗಳು ಕಳೆದು ಡಿಸೆಂಬರ್ 1ಕ್ಕೆ ರಿಲಯನ್ಸ್ ಕಮ್ಯುನಿಕೇಷನ್ಸ್ ತನ್ನ ಧ್ವನಿ ಸೇವೆಯನ್ನೇ ನಿಲ್ಲಿಸಿತು. 2019ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಈ ನಡುವೆ ರಷ್ಯಾ ಸರ್ಕಾರದ ಶೇಕಡ 17.14 ಪಾಲನ್ನು 77.7 ಕೋಟಿ ಡಾಲರಿಗೆ ತಾನೇ ಕೊಳ್ಳುವುದಾಗಿ ಸಿಸ್ಟೆಮಾ 2016ರಲ್ಲಿ ಒಪ್ಪಿಕೊಂಡಿತ್ತು. 60 ಕೋಟಿ ಹಾಕಿದ ಸರ್ಕಾರಕ್ಕೆ 77.7 ಕೋಟಿ. ಒಡೆಯರಲ್ಲಿ ಒಬ್ಬರಿಗೆ ಹೊರಹೋಗುವ ದಾರಿಯೂ ಬೆಲೆಯೂ ಕಾಗದದ ಮೇಲಿತ್ತು. ಚಂದಾದಾರನಿಗೆ ಅಂಥ ಕಾಗದ ಯಾವುದಿತ್ತು, ಮಾನ್ಯರೇ?

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಲೇಬೇಕು. ಇದು ಮೇಲೆ ಹೆಸರಿಸಿದ ಯಾವ ಕಂಪನಿಯದೂ ಅಲ್ಲ. 2012ರ ತೀರ್ಪಿನ ನಂತರ ನಮ್ಮ ಜಿಲ್ಲೆಯಲ್ಲಿ ಅಂಗಡಿ ಮುಚ್ಚಿದ ಬೇರೊಂದು ಕಂಪನಿ. ಅದರ ಹೆಸರು ಹೇಳಿ ಈಗ ಆಗಬೇಕಾದದ್ದೇನೂ ಇಲ್ಲ. ಗುಬ್ಬಿ ಕಡೆಯ ಒಬ್ಬರು ಕೊಳವೆಬಾವಿಯ ಮೋಟಾರ್ ರಿಪೇರಿ ಮಾಡುತ್ತಿದ್ದರು. ಆ ಕಂಪನಿಯ ಸಿಮ್ಮನ್ನು ನನ್ನ ಅಂಗಡಿಯಲ್ಲೇ ಕೊಂಡವರು. ಅವರ ಕಸುಬೆಲ್ಲ ನಿಂತಿದ್ದದ್ದು ಆ ಹತ್ತು ಅಂಕಿಗಳ ಮೇಲೆ. ಯಾವ ತೋಟದಲ್ಲಿ ರಿಪೇರಿ ಮಾಡಿದರೂ ಪಂಪ್‌ಹೌಸಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ತಮ್ಮ ಹೆಸರು, ಅದರ ಕೆಳಗೆ ನಂಬರ್ ಬರೆದು ಬರುತ್ತಿದ್ದರು. ಮೂರು ವರ್ಷದಲ್ಲಿ ಎಷ್ಟು ಗೋಡೆಗಳ ಮೇಲೆ ಬರೆದಿದ್ದರೋ ಅವರಿಗೇ ಲೆಕ್ಕವಿರಲಿಲ್ಲ.

ಸೇವೆ ನಿಲ್ಲುತ್ತದೆ ಎಂಬ ಸಂದೇಶ ಅವರ ಫೋನಿಗೆ ಬಂದಿತ್ತು, ಇಂಗ್ಲಿಷಿನಲ್ಲಿ. ದಿನಕ್ಕೆ ಹತ್ತು ಜಾಹೀರಾತು ಸಂದೇಶ ಬರುತ್ತಿದ್ದ ಕಾಲ. ಅದೂ ಅಂಥದ್ದೇ ಎಂದುಕೊಂಡು ಬಿಟ್ಟಿದ್ದರು. ನಂಬರ್ ಸತ್ತ ಮೇಲೆ ನನ್ನ ಅಂಗಡಿಗೆ ಬಂದು ಫೋನನ್ನು ಕೌಂಟರಿನ ಮೇಲಿಟ್ಟು, ‘ರಿಪೇರಿ ಆಗುತ್ತದೆಯೇ ನೋಡಿ ಸ್ವಾಮಿ’ ಎಂದರು. ಕೆಟ್ಟದ್ದು ಫೋನ್ ಅಲ್ಲ, ಕಂಪನಿಯೇ ಹೋಗಿದೆ ಎಂದು ಅರ್ಥಮಾಡಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ನಂಬರ್ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳುವ ಗಡುವು ಆಗಲೇ ಮುಗಿದಿತ್ತು. ಮರುದಿನ ಅವರು ಒಂದು ಡಬ್ಬಿ ಬಿಳಿ ಬಣ್ಣ, ಒಂದು ಡಬ್ಬಿ ನೀಲಿ ಬಣ್ಣ ಕೊಂಡು ಸೈಕಲ್ಲಿಗೆ ಕಟ್ಟಿಕೊಂಡು ಹೊರಟರು. ತೋಟದಿಂದ ತೋಟಕ್ಕೆ ಹೋಗಿ ಹಳೆಯ ನಂಬರಿನ ಮೇಲೆ ಬಿಳಿ ಬಳಿದು, ಒಣಗುವವರೆಗೆ ಕಾದು, ಹೊಸ ನಂಬರ್ ಬರೆದರು. ಎಂಟು ದಿನ ಅದೇ ಕೆಲಸ. ಆ ಬೇಸಿಗೆಯಲ್ಲಿ ಮೋಟಾರ್ ಸುಟ್ಟುಹೋಗಿ ಹಳೆಯ ನಂಬರಿಗೆ ಕರೆ ಮಾಡಿದ ಎಷ್ಟು ರೈತರಿಗೆ ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂಬ ದನಿ ಕೇಳಿಸಿತೋ.

ನನ್ನ ಹತ್ತಿರವೂ ಆ ಕಂಪನಿಯ ರೀಚಾರ್ಜ್ ಕೂಪನ್‌ಗಳು, ಟಾಪ್‌ಅಪ್ ಬ್ಯಾಲೆನ್ಸ್ ಸೇರಿ ಆರು ಸಾವಿರಕ್ಕೂ ಹೆಚ್ಚಿನ ಹಣ ಉಳಿದಿತ್ತು. ಡಿಸ್ಟ್ರಿಬ್ಯೂಟರ್ ‘ಮೇಲಿನಿಂದ ಬಂದರೆ ಕೊಡುತ್ತೇನೆ’ ಎಂದರು. ಮೇಲೆ ಎಂದರೆ ಎಲ್ಲಿ? ಕಚೇರಿ ಮುಚ್ಚಿತ್ತು. ಸಹಾಯವಾಣಿ ನಿಂತಿತ್ತು. ನಾನು ಆಗ ಕೇಳಿಕೊಂಡದ್ದು ನನ್ನ ಗಿರಾಕಿಗಳು ನನ್ನನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ: ಇದು ಯಾರ ಕಂಪನಿ? ಯಾರ ಮನೆಯ ಬಾಗಿಲು ಬಡಿಯಬೇಕು? ಆ ಕೂಪನ್‌ಗಳ ಕಟ್ಟು ಇಂದಿಗೂ ನನ್ನ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದೆ. ರಬ್ಬರ್ ಬ್ಯಾಂಡ್ ಒಣಗಿ ಕಾಗದಕ್ಕೆ ಅಂಟಿಕೊಂಡಿದೆ.

ಮಾನ್ಯರೇ, ಎಂಟಿಎಸ್‌ನ ಕಥೆಯನ್ನು ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಕಾರಣವಿದೆ. ಆ ಕಂಪನಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಇದ್ದಷ್ಟು ಕಾಲ, ಪ್ರತಿ ವರ್ಷ ಅಲ್ಲಿನ ಕಾನೂನಿಗೆ ತಲೆಬಾಗಿ ತನ್ನ ದೊಡ್ಡ ಷೇರುದಾರರು ಯಾರು, ಎಷ್ಟು ಪಾಲು ಎಂದು ಬಿಡಿಸಿ ಬರೆದು ಕೊಡುತ್ತಿತ್ತು. ತನ್ನನ್ನು ನಿಯಂತ್ರಿಸುವ ಸಿಸ್ಟೆಮಾದ ಹಿತವೂ ಉಳಿದ ಷೇರುದಾರರ ಹಿತವೂ ಬೇರೆಬೇರೆ ಆಗಬಹುದು ಎಂಬ ಎಚ್ಚರಿಕೆಯನ್ನೂ ಆ ವರದಿಗಳಲ್ಲಿ ತಾನೇ ಬರೆಯುತ್ತಿತ್ತು. ಉಕ್ರೇನ್ ಯುದ್ಧ ಶುರುವಾಗಿ 2022ರಲ್ಲಿ ನ್ಯೂಯಾರ್ಕ್ ಪೇಟೆಯಿಂದ ಅದು ಹೊರಬೀಳುವವರೆಗೂ ಈ ಪದ್ಧತಿ ಇತ್ತು. ಅಂದರೆ ನ್ಯೂಯಾರ್ಕಿನಲ್ಲಿ ಒಂದು ಷೇರು ಕೊಂಡವನಿಗೆ ಒಡೆಯ ಯಾರೆಂದು ತಿಳಿಯುವ ಹಕ್ಕಿತ್ತು. ಅದೇ ಹೆಸರಿನ ಡೇಟಾ ಕಾರ್ಡನ್ನು ತುಮಕೂರಿನಲ್ಲಿ ಕೊಂಡ ವಿದ್ಯಾರ್ಥಿಗೆ ಇರಲಿಲ್ಲ. ಹಣ ಇಬ್ಬರದೂ ಹಣವೇ. ಷೇರುದಾರ ಬೇಡವಾದಾಗ ಮಾರಿ ಹೊರಡಬಹುದು. ಚಂದಾದಾರನ ನಂಬರ್ ಅವನ ಬ್ಯಾಂಕಿಗೆ, ಪಡಿತರ ಚೀಟಿಗೆ, ಮಕ್ಕಳ ಶಾಲೆಗೆ, ಪಂಪ್‌ಹೌಸಿನ ಗೋಡೆಗೆ ಅಂಟಿಕೊಂಡಿರುತ್ತದೆ.

ಇದೆಲ್ಲ ಹಳೆಯ ಕಥೆ, ಈಗ ದೇಶದಲ್ಲಿ ಉಳಿದಿರುವುದೇ ನಾಲ್ಕು ಕಂಪನಿ ಎಂದು ಯಾರಾದರೂ ಹೇಳಬಹುದು. ನಾಲ್ಕೇ ಉಳಿದಿರುವುದರಿಂದಲೇ ನನ್ನ ಭಯ ಹೆಚ್ಚು. ದೂರಸಂಪರ್ಕದಲ್ಲಿ 2013ರಿಂದ ಶೇಕಡ 100ರಷ್ಟು ವಿದೇಶಿ ಹೂಡಿಕೆಗೆ ಅವಕಾಶವಿದೆ. 2021ರಿಂದ ಅದಕ್ಕೆ ಸರ್ಕಾರದ ಮುಂಚಿತ ಒಪ್ಪಿಗೆಯೂ ಸಾಮಾನ್ಯವಾಗಿ ಬೇಕಿಲ್ಲ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ವಿದೇಶಿ ಕಂಪನಿಗಳು ಬಾಗಿಲಲ್ಲಿ ನಿಂತಿವೆ. 2025ರಲ್ಲಿ ಬಾಕಿ ಹಣವನ್ನು ಷೇರುಗಳಾಗಿ ಬದಲಿಸಿಕೊಂಡ ಮೇಲೆ ವೊಡಾಫೋನ್ ಐಡಿಯಾದ ಸುಮಾರು ಶೇಕಡ 49 ಪಾಲು ಭಾರತ ಸರ್ಕಾರದ್ದೇ ಆಗಿದೆ. ಪರವಾನಗಿ ಕೊಡುವವರೂ ಸರ್ಕಾರ, ಪಾಲುದಾರರೂ ಸರ್ಕಾರ. ಇದು ಗುಟ್ಟಲ್ಲ, ಪತ್ರಿಕೆಗಳಲ್ಲಿ ಬಂದಿದೆ. ಆದರೆ ನನ್ನ ಅಂಗಡಿಗೆ ಬಂದು ಆ ಕಂಪನಿಗೆ ರೀಚಾರ್ಜ್ ಮಾಡಿಸುವ ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ತಿಳಿದಿರಲಿಲ್ಲ.

ಕಂಪನಿ ಕಾಯ್ದೆಯಲ್ಲಿ ಕಾಗದದ ಮೇಲಿನ ಹೆಸರಿನ ಹಿಂದೆ ಇರುವ ನಿಜವಾದ ಫಲಾನುಭವಿ ಒಡೆಯ ಯಾರೆಂದು ಘೋಷಿಸಬೇಕು ಎಂಬ ನಿಯಮ 2018ರಿಂದ ಇದೆ. ಹಾಗಾಗಿ ನಾನು ಕೇಳುತ್ತಿರುವುದು ಹೊಸ ಕಾನೂನನ್ನಲ್ಲ. ಕಡತದಲ್ಲಿ ಇರುವುದನ್ನು ಜನರ ಕೈಗೆ ಕೊಡಿ ಎಂದಷ್ಟೇ. ಪ್ರತಿ ಮೊಬೈಲ್ ಕಂಪನಿ ತನ್ನ ಆ್ಯಪ್‌ನಲ್ಲಿ, ತನ್ನ ಮಳಿಗೆಯ ಗೋಡೆಯ ಮೇಲೆ, ಸಿಮ್ಮಿನ ಜೊತೆ ಕೊಡುವ ಹಾಳೆಯಲ್ಲಿ ತನ್ನ ಒಡೆಯರು ಯಾರು, ಯಾವ ದೇಶದವರು, ಯಾವುದಾದರೂ ಸರ್ಕಾರದ ಪಾಲಿದೆಯೇ ಎಂದು ಆಯಾ ರಾಜ್ಯದ ಭಾಷೆಯಲ್ಲಿ, ಒಂದು ಪುಟದಲ್ಲಿ, ಓದಲು ಬರುವ ಅಕ್ಷರಗಳಲ್ಲಿ ಬರೆಯುವಂತೆ ಆದೇಶಿಸಿ. ಹಕ್ಕಿಜ್ವರ ಬಂದ ಕೋಳಿಯಂಗಡಿಯ ಮುಂದೆ ಕನ್ನಡದಲ್ಲಿ ಬೋರ್ಡ್ ಹಾಕಿಸಲು ನಮ್ಮ ನಗರಪಾಲಿಕೆಗೆ ಒಂದು ದಿನ ಸಾಕಾಗುತ್ತದೆ. ಇದೂ ಆಗದ ಕೆಲಸವಲ್ಲ.

ಒಡೆತನ ಕೈಬದಲಾಗುವಾಗ ಷೇರುಪೇಟೆಗೆ ತಿಳಿಸುವ ದಿನವೇ ಚಂದಾದಾರರಿಗೂ ಅವರ ಭಾಷೆಯಲ್ಲಿ ಸಂದೇಶ ಹೋಗಬೇಕು. ಕಂಪನಿ ಸೇವೆ ನಿಲ್ಲಿಸುವಾಗ ಹಳೆಯ ಪರವಾನಗಿ ಷರತ್ತುಗಳಲ್ಲಿ ಗ್ರಾಹಕರಿಗೆ 30 ದಿನಗಳ ನೋಟಿಸ್ ಇತ್ತು. ಮೋಟಾರ್ ರಿಪೇರಿಯವರಿಗೆ ಆ 30 ದಿನ ಏನೂ ಅಲ್ಲ. ನಂಬರ್ ವರ್ಗಾಯಿಸಿಕೊಳ್ಳಲು ಕನಿಷ್ಠ ಒಂದು ವರ್ಷ ಅವಕಾಶವಿರಲಿ. ಅದಕ್ಕೆ ಬೇಕಾದ ವ್ಯವಸ್ಥೆ 2011ರ ಜನವರಿಯಿಂದಲೇ ದೇಶದಾದ್ಯಂತ ಇದೆ. ಬೇಕಿರುವುದು ಗಡುವು ಹಿಗ್ಗಿಸುವ ಮನಸ್ಸು. ಆ ಒಂದು ವರ್ಷ ಹಳೆಯ ನಂಬರಿಗೆ ಕರೆ ಮಾಡಿದವರಿಗೆ ‘ಅಸ್ತಿತ್ವದಲ್ಲಿಲ್ಲ’ ಎನ್ನುವ ಬದಲು ‘ಈ ಗ್ರಾಹಕರ ಸೇವೆ ಬದಲಾಗುತ್ತಿದೆ’ ಎಂದು ಕನ್ನಡದಲ್ಲಿ ಹೇಳುವಂತಾಗಲಿ.

ಉಳಿದ ಬ್ಯಾಲೆನ್ಸ್ ಹತ್ತು ರೂಪಾಯಿಯೇ ಇರಲಿ, ಅದು ಗ್ರಾಹಕನ ಹಣ. ಅವನ ಬ್ಯಾಂಕ್ ಖಾತೆಗೆ ಮರಳಬೇಕು. ಚಿಲ್ಲರೆ ಅಂಗಡಿಯವರ ಕೈಯಲ್ಲಿ ಉಳಿದ ಟಾಪ್‌ಅಪ್ ಹಣಕ್ಕೂ ಇದೇ ನಿಯಮವಾಗಲಿ. ಪರವಾನಗಿ ಕೊಡುವಾಗ ಕಂಪನಿಗಳಿಂದ ಬ್ಯಾಂಕ್ ಗ್ಯಾರಂಟಿ ಪಡೆದು ಸರ್ಕಾರ ತನ್ನ ಬಾಕಿಯನ್ನು ಭದ್ರಪಡಿಸಿಕೊಳ್ಳುತ್ತದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಗ್ರಾಹಕರ, ಅಂಗಡಿಯವರ ಬಾಕಿಗೆಂದು ಬೇರೆ ತೆಗೆದಿಟ್ಟರೆ ಯಾರ ಬಾಗಿಲು ಬಡಿಯಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಜನ ಇದನ್ನೆಲ್ಲ ಓದುವುದಿಲ್ಲ, ಅವರಿಗೆ ಬೇಕಿರುವುದು ಅಗ್ಗದ ದರ ಮಾತ್ರ ಎಂದು ಕಂಪನಿಯ ಪ್ರತಿನಿಧಿಗಳು ತಮ್ಮ ಮುಂದೆ ಹೇಳಿಯಾರು. ಹತ್ತೊಂಬತ್ತು ವರ್ಷ ಕೌಂಟರಿನ ಹಿಂದೆ ಕುಳಿತವನಾಗಿ ಹೇಳುತ್ತೇನೆ, ಅದು ನಿಜವಲ್ಲ. ಅಕ್ಷರ ಬಾರದ ಅಜ್ಜಿಯೂ ಮೊದಲು ಕೇಳಿದ್ದು ದರವನ್ನಲ್ಲ. ಕೇಳಿದವರಿಗೆ ಉತ್ತರ ಸಿಗಲಿಲ್ಲ, ಅದಕ್ಕೆ ಕೇಳುವುದನ್ನು ಬಿಟ್ಟಿದ್ದಾರೆ.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಕನ್ನಡದಲ್ಲಿ ಲಿಖಿತ ಉತ್ತರ ಬರಬೇಕೆಂದು ಕೋರುತ್ತೇನೆ. ಪತ್ರದ ಒಂದು ಪ್ರತಿಯನ್ನು ಅಂಗಡಿಯ ಒಳಗೋಡೆಗೆ, ರೀಚಾರ್ಜ್ ದರಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ಅದರ ಕೆಳಗೆ ಇನ್ನೊಂದು ಹಾಳೆ ಹಿಡಿಸುವಷ್ಟು ಜಾಗ ಬಿಟ್ಟಿದ್ದೇನೆ. ತಮ್ಮ ಉತ್ತರ ಬಂದ ದಿನ ಅದನ್ನು ಅಲ್ಲಿ ಅಂಟಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರೀಚಾರ್ಜ್ ಅಂಗಡಿಯ ಮಾಲೀಕ,
ಬಸ್ ನಿಲ್ದಾಣದ ಹತ್ತಿರ, ತುಮಕೂರು